ಇಳಿಯದ ಗೆರೆ

ಊರಿಗೆ ಹೋದಾಗಲೆಲ್ಲ ಕೇರಿಯ ಹಿರೀಕರು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. 'ಅದೇನ್ ಕೆಲ್ಸ ಮಾಡ್ತೀರ್ಲಾ ಅಲ್ಲಿ?' ಎನ್ನುವುದು ಮೊದಲನೆಯದು. 'ಗೇದದ್ದು ಕಣ್ಣಿಗೆ ಕಾಣ್ತದಾ?' ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಕಂಪ್ಯೂಟರು ಅಂತ ಏನೋ ಹೇಳಿ ಜಾರಿಕೊಳ್ಳುತ್ತೇವೆ. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತೇವೆ. ನಾಟಿ ಹಾಕಿದವಳಿಗೆ ಹೊತ್ತು ಮುಳುಗುವಾಗ ಎಷ್ಟು ಗುಂಟೆ ಹಸಿರಾಯಿತೆಂದು ಕಾಣುತ್ತದೆ. ಕಲ್ಲು ಒಡೆದವನ ಮುಂದೆ ಜಲ್ಲಿಯ ರಾಶಿ ಇರುತ್ತದೆ. ನಾವು ಹನ್ನೊಂದು ಗಂಟೆ ಕೂತು ಎದ್ದರೆ ಮುಂದೆ ಏನೂ ಇರುವುದಿಲ್ಲ, ಬೆನ್ನು ನೋವು ಬಿಟ್ಟರೆ. ಗೇದದ್ದು ಕಾಣದಿದ್ದಾಗ ಅದನ್ನು ಯಾರೋ ಬರೆದಿಡಬೇಕಾಗುತ್ತದೆ. ಬರೆದಿಡುವವನು ಯಾರು, ಹೇಗೆ ಬರೆಯುತ್ತಾನೆ ಎಂಬುದೇ ಈ ಲೇಖನದ ವಿಷಯ.

ನಾವು ಐದು ಜನ. ಚಾಮರಾಜನಗರ, ತುಮಕೂರು, ಕೋಲಾರ ಜಿಲ್ಲೆಗಳ ಕೇರಿಗಳಿಂದ ಬಂದವರು. ಹಾಸ್ಟೆಲ್ಲಿನ ಅನ್ನ ಉಂಡು, ತಡವಾಗಿ ಬರುವ ಸ್ಕಾಲರ್‌ಷಿಪ್ಪಿಗೆ ಕಾದು ಇಂಜಿನಿಯರಿಂಗ್ ಮುಗಿಸಿದವರು. ಮಾರತ್ತಹಳ್ಳಿಯ ಕಡೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದೇವೆ. ಐವರಲ್ಲಿ ಮೂವರು ಒಂದೇ ಕಂಪನಿಯ ಒಂದೇ ತಂಡದಲ್ಲಿದ್ದೇವೆ. ಮೀಸಲಾತಿ ಅನ್ನುವುದು ಕಂಪನಿಯ ಗೇಟಿನ ಹೊರಗೇ ನಿಂತುಬಿಡುತ್ತದೆ. ಒಳಗೆ ಬಂದದ್ದು ನಾವು ಮಾತ್ರ.

ಒಳಗಿನ ಕೆಲಸದ ಕ್ರಮ ಹೀಗಿದೆ. ಇಡೀ ಯೋಜನೆಯನ್ನು ಎರಡೆರಡು ವಾರದ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡಿಗೂ ಸ್ಪ್ರಿಂಟ್ ಎಂದು ಹೆಸರು. ಅಂದರೆ ಓಟ, ವರ್ಷಕ್ಕೆ 26 ಓಟ. ಮಾಡಬೇಕಾದ ಒಂದೊಂದು ಕೆಲಸಕ್ಕೂ 'ಸ್ಟೋರಿ' ಎನ್ನುತ್ತಾರೆ. ಕತೆ ಅಂದರೆ ನಮಗೆ ಗೊತ್ತಿದ್ದದ್ದು ದೇವನೂರರ ಕತೆ. ಇಲ್ಲಿ 'ಗಿರಾಕಿಯು ತನ್ನ ಬಿಲ್ಲನ್ನು ನೋಡಬೇಕು' ಅನ್ನುವುದೂ ಒಂದು ಕತೆ. ಈ ಕತೆ ಎಷ್ಟು ದೊಡ್ಡದು, ಎಷ್ಟು ತೊಡಕಿನದು ಎಂದು ತಂಡವೇ ಕೂತು ಅಂದಾಜು ಮಾಡಿ 1, 2, 3, 5, 8, 13 ಹೀಗೆ ಅಂಕಿ ಕೊಡುತ್ತದೆ. ಇದೇ ಸ್ಟೋರಿ ಪಾಯಿಂಟು. ಅಂಕಿ ದೊಡ್ಡದಾಗುತ್ತ ಹೋದಂತೆ ನಡುವಿನ ಅಂತರವೂ ದೊಡ್ಡದು. ದೊಡ್ಡ ಕೆಲಸದ ಅಂದಾಜು ಸಣ್ಣ ಕೆಲಸದಷ್ಟು ಕರಾರುವಾಕ್ಕಾಗಿರಲಾರದು ಎಂಬ ತಿಳುವಳಿಕೆ ಅದರಲ್ಲಿದೆ. ಒಂದು ಸ್ಪ್ರಿಂಟಿನಲ್ಲಿ ತಂಡ ಮುಗಿಸಿದ ಪಾಯಿಂಟುಗಳ ಮೊತ್ತಕ್ಕೆ ವೆಲಾಸಿಟಿ, ಅಂದರೆ ವೇಗ ಎಂದು ಹೆಸರು. ಉಳಿದ ಕೆಲಸವನ್ನು ದಿನಾ ಗುರುತು ಹಾಕಿ ಗೋಡೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಗೆರೆ ಎಡದ ಮೇಲಿನಿಂದ ಬಲದ ಕೆಳಕ್ಕೆ ಇಳಿಯುತ್ತ ಹೋಗಬೇಕು. ಇದು ಬರ್ನ್‌ಡೌನ್ ಚಾರ್ಟು. ಗೆರೆ ಇಳಿದರೆ ಮ್ಯಾನೇಜರ್ ನಗುತ್ತಾನೆ, ಇಳಿಯದಿದ್ದರೆ ನಮ್ಮ ಮುಖ ನೋಡುತ್ತಾನೆ.

ಇದನ್ನೆಲ್ಲ ಕಂಡುಹಿಡಿದವರು ದುಡಿಯುವವರ ಶತ್ರುಗಳೇನೂ ಅಲ್ಲ. ಈ ಮಾತನ್ನು ನಮ್ಮ ಓದುಗರು ಗಮನಿಸಬೇಕು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಪ್ರೋಗ್ರಾಮರುಗಳು, ಚಿಂತಕರು ಸೇರಿ ಅಜೈಲ್ ಎಂಬ ಪ್ರಣಾಳಿಕೆ ಬರೆದರು. ಕಡತಕ್ಕಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯ, ಉಪಕರಣಕ್ಕಿಂತ ಮನುಷ್ಯ ಮುಖ್ಯ ಎಂಬುದು ಅದರ ತಿರುಳು. ಕೆಲಸ ಎಷ್ಟು ಮುಂದುವರಿಯಿತು ಎಂಬುದಕ್ಕೆ ನಡೆಯುವ ಸಾಫ್ಟ್‌ವೇರೇ ಮೊದಲ ಅಳತೆ ಎಂದು ಅವರು ಹೇಳಿದರು. ಅವರಲ್ಲಿ ಕೆಲವರು ಅದಕ್ಕೂ ಮೊದಲು ದುಡಿದದ್ದು ಕ್ರೈಸ್ಲರ್ ಕಾರು ಕಂಪನಿಯಲ್ಲಿ. ಅಲ್ಲಿ ಕಟ್ಟುತ್ತಿದ್ದದ್ದು ನೌಕರರ ಸಂಬಳ ಲೆಕ್ಕ ಹಾಕುವ ವ್ಯವಸ್ಥೆ! 1996ರಲ್ಲಿ ಕೆಂಟ್ ಬೆಕ್ ಅದರ ಹೊಣೆ ಹೊತ್ತ, ರಾನ್ ಜೆಫ್ರೀಸ್ ಜೊತೆಗೆ ಬಂದ. ಸುಮಾರು 10,000 ನೌಕರರ ಸಂಬಳ ಅದರಿಂದ ಬಟವಾಡೆಯಾಯಿತು. 2000ದಲ್ಲಿ ಕಂಪನಿ ಆ ಯೋಜನೆಯನ್ನೇ ನಿಲ್ಲಿಸಿತು. ಯೋಜನೆ ಸತ್ತರೂ ಅದರ ಕೆಲಸದ ರೀತಿ ಲೋಕವೆಲ್ಲ ಹಬ್ಬಿತು.

ಪಾಯಿಂಟಿನ ಹುಟ್ಟಿನ ಬಗ್ಗೆ ಜೆಫ್ರೀಸನೇ ಹೇಳಿದ್ದಾನೆ. ಮೊದಲು ಅವರು ಅಂದಾಜು ಮಾಡುತ್ತಿದ್ದದ್ದು ದಿನಗಳಲ್ಲಿ. ಯಾರೂ ನಡುವೆ ಕರೆಯದೆ, ಮೀಟಿಂಗಿಗೆ ಎಳೆಯದೆ ಬಿಟ್ಟರೆ ಹಿಡಿಯುವ ದಿನ. ಅದನ್ನು ಮೂರರಿಂದ ಗುಣಿಸಿದರೆ ನಿಜವಾದ ದಿನ. ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆ ಎಂದು ಮೇಲಿನವರು ಪೇಚಾಡತೊಡಗಿದಾಗ, ದಿನ ಅನ್ನುವ ಮಾತನ್ನೇ ಬಿಟ್ಟು ಪಾಯಿಂಟು ಎಂದರು. ಅಂದರೆ ದುಡಿಯುವವನ ಕತ್ತಿನ ಮೇಲೆ ಗಡಿಯಾರ ಇಡಬಾರದೆಂದೇ ಹುಟ್ಟಿದ ಪದ ಇದು. 2019ರಲ್ಲಿ ಅದೇ ಜೆಫ್ರೀಸ್, ಪಾಯಿಂಟುಗಳನ್ನು ನಾನೇ ಕಂಡುಹಿಡಿದಿರಬಹುದು, ಹಾಗಿದ್ದರೆ ಈಗ ವಿಷಾದವಿದೆ ಎಂಬರ್ಥದಲ್ಲಿ ಬರೆದ. ಯಾಕೆಂದರೆ ನಡುವಿನ ವರ್ಷಗಳಲ್ಲಿ ಮ್ಯಾನೇಜರುಗಳು ಆ ಪದವನ್ನು ಮತ್ತೆ ಗಡಿಯಾರ ಮಾಡಿಕೊಂಡಿದ್ದರು. ನಮ್ಮ ಕಂಪನಿಯಲ್ಲಿ ಒಂದು ಪಾಯಿಂಟು ಅಂದರೆ ಆರು ಗಂಟೆ. ಗೋಡೆಯ ಮೇಲೆ ಹಾಗಂತ ಬರೆದು ಅಂಟಿಸಿದ್ದಾರೆ.

ಈಗ ನಮ್ಮ ಸಂಗತಿಗೆ ಬರುತ್ತೇವೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇವೆ.

ಒಂದು ಯೋಜನೆ. ಒಟ್ಟು 200 ಪಾಯಿಂಟು, 10 ಸ್ಪ್ರಿಂಟು, 1 ಕೋಟಿ ರೂಪಾಯಿ ವೆಚ್ಚ ಎಂದು ಗಿರಾಕಿಗೆ ಮಾತು ಕೊಡಲಾಗಿತ್ತು. ಅಂದರೆ ಸ್ಪ್ರಿಂಟಿಗೆ 20 ಪಾಯಿಂಟು. ಈ 20 ಅನ್ನುವ ಅಂಕಿಯನ್ನು ಕೊಟ್ಟವರು ನಾವಲ್ಲ. ಮಾರಾಟದವರು ಗಿರಾಕಿಯ ಊರಿನಲ್ಲಿ ಊಟದ ಮೇಜಿನ ಮೇಲೆ ಕೊಟ್ಟು ಬಂದಿದ್ದರು. ನಾಲ್ಕು ಸ್ಪ್ರಿಂಟು ಕಳೆಯಿತು. 80 ಪಾಯಿಂಟು ಆಗಬೇಕಿತ್ತು, ಆದದ್ದು 60. ಈ ಎಂಟು ವಾರದಲ್ಲಿ ಗಿರಾಕಿ 'ಇದೊಂದು ಸೇರಿಸಿ, ಅದೊಂದು ಸೇರಿಸಿ' ಎಂದು 50 ಪಾಯಿಂಟಿನ ಹೊಸ ಕೆಲಸ ಸೇರಿಸಿದ್ದ. ಮ್ಯಾನೇಜರು ಇಲ್ಲ ಎನ್ನಲಿಲ್ಲ. ಈಗ ಗೋಡೆಯ ಮೇಲಿನ ಗೆರೆ ನೋಡಿ. 200ರಿಂದ ಹೊರಟದ್ದು, 60 ಕಳೆದು 50 ಕೂಡಿ, 190ಕ್ಕೆ ಬಂದು ನಿಂತಿದೆ. ಅರುವತ್ತು ಗೇದರೂ ಗೆರೆ ಇಳಿದದ್ದು ಹತ್ತು! ಗಾಜಿನ ಕೋಣೆಗೆ ಬಂದ ದೊಡ್ಡವರು ಗೆರೆ ನೋಡಿ, 'ಎಂಟು ವಾರ ಇವರು ಏನು ಮಾಡುತ್ತಿದ್ದರು?' ಎಂದು ಕೇಳಿದರು.

ಆ ರಾತ್ರಿ ನಮ್ಮಲ್ಲೊಬ್ಬ ತನ್ನ ತಾತನ ವಿಷಯ ಹೇಳಿದ. ಅದುವರೆಗೂ ಹೇಳಿರಲಿಲ್ಲ.

ಅವನ ತಾತ ಮದುವೆಯ ಖರ್ಚಿಗೆಂದು 300 ರೂಪಾಯಿ ಪಡೆದು ಊರಿನ ಜಮೀನ್ದಾರನ ಮನೆಗೆ ಜೀತಕ್ಕೆ ಸೇರಿದ್ದ. ಪ್ರತಿ ಯುಗಾದಿಗೆ ಜಗಲಿಯ ಕೆಳಗೆ ಕೂರಿಸಿ ಲೆಕ್ಕ ಓದುತ್ತಿದ್ದರು. ವರ್ಷದ ಕೂಲಿ ಇಷ್ಟು, ಕಳೆಯಿತು. ಕೊಟ್ಟ ರಾಗಿ ಇಷ್ಟು, ಕೂಡಿತು. ಕಂಬಳಿ ಒಂದು, ಕೂಡಿತು. ನೇಗಿಲು ಮುರಿದದ್ದು, ಕೂಡಿತು. ಜ್ವರ ಬಂದು ಮಲಗಿದ ದಿನ, ಕೂಡಿತು. ಬಡ್ಡಿ, ಕೂಡಿತು. ಕೊನೆಗೆ ಬರುವ ಅಂಕಿ ಒಂದೇ: 'ಇನ್ನೂ ಮುನ್ನೂರ ಹತ್ತು ಅದೆ ಕಣೋ, ಹೆಬ್ಬೆಟ್ಟು ಒತ್ತು.' ತಾತನಿಗೆ ಕೇಳುತ್ತಿದ್ದದ್ದು ಆ ಒಂದು ಅಂಕಿ ಮಾತ್ರ. ಕಳೆದದ್ದೆಷ್ಟು, ಕೂಡಿದ್ದೆಷ್ಟು ಎಂಬುದು ಬೇರೆಬೇರೆಯಾಗಿ ಅವನ ಕಿವಿಗೆ ಬೀಳುತ್ತಿರಲಿಲ್ಲ. ತಾನು ಸರಿಯಾಗಿ ಗೇಯುತ್ತಿಲ್ಲ, ಅದಕ್ಕೇ ಸಾಲ ತೀರುತ್ತಿಲ್ಲ ಎಂದೇ ಅವನು ಸಾಯುವತನಕ ನಂಬಿದ್ದ. 1976ರಲ್ಲಿ ಜೀತ ರದ್ದತಿಯ ಕಾಯಿದೆ ಬಂದ ಮೇಲೂ ಎರಡು ವರ್ಷ ಅವನಿಗೆ ಯಾರೂ ಹೇಳಲಿಲ್ಲ.

ಗೆಳೆಯರೆ, ಜೀತವನ್ನೂ ನಮ್ಮ ಕೆಲಸವನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ನಾಚಿಕೆಗೆಟ್ಟವರು ನಾವಲ್ಲ. ನಮಗೆ ತಿಂಗಳಿಗೆ ಸಂಬಳ ಬರುತ್ತದೆ, ಬಸ್ಸು ಬರುತ್ತದೆ, ಬೇಸಗೆಯಲ್ಲಿ ತಣ್ಣನೆಯ ಗಾಳಿ ಬರುತ್ತದೆ. ಬೇಡವೆಂದರೆ ಬಿಟ್ಟು ಹೋಗಬಹುದು. ಹೋಲುವುದು ಲೆಕ್ಕ ಬರೆಯುವ ರೀತಿ ಮಾತ್ರ. ಕೂಡಿದ್ದನ್ನೂ ಕಳೆದದ್ದನ್ನೂ ಒಂದೇ ಗೆರೆಯಲ್ಲಿ ಮುಚ್ಚಿಟ್ಟರೆ ತಪ್ಪು ಯಾವಾಗಲೂ ಗೇಯುವವನದೇ ಆಗುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ, ಪುಸ್ತಕದಲ್ಲೇ ಇದೆ. ಬರ್ನ್‌ಅಪ್ ಎಂಬ ಇನ್ನೊಂದು ಚಾರ್ಟು. ಅದರಲ್ಲಿ ಎರಡು ಗೆರೆ. ಮಾಡಿ ಮುಗಿಸಿದ್ದು ಒಂದು ಗೆರೆ, ಸೊನ್ನೆಯಿಂದ ಮೇಲಕ್ಕೆ ಏರುತ್ತದೆ. ಮಾಡಬೇಕಾದ ಒಟ್ಟು ಕೆಲಸ ಇನ್ನೊಂದು ಗೆರೆ, ಮೇಲೆ ಇರುತ್ತದೆ. ಗಿರಾಕಿ ಕೆಲಸ ಕೂಡಿಸಿದರೆ ಮೇಲಿನ ಗೆರೆ ಜಿಗಿಯುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ. ಕೆಳಗಿನ ಗೆರೆ ತಾನು ಏರಿದಷ್ಟು ಏರಿಯೇ ಇರುತ್ತದೆ.

ಇನ್ನು ಖರ್ಚು. ಸಾಫ್ಟ್‌ವೇರಿನಲ್ಲಿ ಇಟ್ಟಿಗೆ ಸಿಮೆಂಟಿಲ್ಲ, ಖರ್ಚೆಂದರೆ ಹೆಚ್ಚುಪಾಲು ಜನರ ಸಂಬಳ. ತಂಡ ಬದಲಾಗದಿದ್ದರೆ ಪ್ರತಿ ಸ್ಪ್ರಿಂಟಿಗೂ ಖರ್ಚು ಸರಿಸುಮಾರು ಒಂದೇ. ನಮ್ಮ ನಾಲ್ಕು ಸ್ಪ್ರಿಂಟಿಗೆ 45 ಲಕ್ಷ ಖರ್ಚಾಗಿತ್ತು. ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ತನ್ನ ಗುತ್ತಿಗೆದಾರರ ಮೇಲೆ ಹೇರಿದ ಒಂದು ಲೆಕ್ಕದ ಕ್ರಮವಿದೆ. ಖರ್ಚು ಮಾಡಿದ್ದೆಷ್ಟು ಎಂದು ಮಾತ್ರ ಕೇಳಬೇಡ, ಆ ಖರ್ಚಿಗೆ ಗಳಿಸಿದ ಕೆಲಸದ ಬೆಲೆಯೆಷ್ಟು ಎಂದೂ ಕೇಳು ಎನ್ನುತ್ತದೆ ಅದು. ಆಮೇಲಿನವರು ಅದನ್ನು ಪಾಯಿಂಟಿಗೂ ಹೊಂದಿಸಿದರು. ಮೊದಲಿನ 200ರಲ್ಲಿ 60 ಮುಗಿದಿದೆ, ಅಂದರೆ ಕೋಟಿಯಲ್ಲಿ 30 ಲಕ್ಷದ ಕೆಲಸ ಗಳಿಕೆಯಾಗಿದೆ. ಖರ್ಚು 45 ಲಕ್ಷ. ರೂಪಾಯಿಗೆ 67 ಪೈಸೆ ಗಳಿಕೆ. ಒಂದು ಪಾಯಿಂಟಿಗೆ 50,000 ಬೀಳಬೇಕಿದ್ದದ್ದು 75,000 ಬಿದ್ದಿದೆ. ಇದೇ ದರದಲ್ಲಿ ಹೋದರೆ 200 ಪಾಯಿಂಟಿಗೆ ಒಂದೂವರೆ ಕೋಟಿ. ಕೂಡಿಸಿದ 50 ಪಾಯಿಂಟಿಗೆ ಬೇರೆ 37 ಲಕ್ಷ 50 ಸಾವಿರ. ಈ ಕೊನೆಯ ಮೊತ್ತ ಗಿರಾಕಿ ಕೂಡಿಸಿದ್ದರ ಬೆಲೆ. ಅದಕ್ಕೂ ಮೊದಲಿನ 50 ಲಕ್ಷದ ಏರಿಕೆ ಮಾತ್ರ ಕಂಪನಿಯದು: ಊಟದ ಮೇಜಿನ ಅಂದಾಜಿನದು, ಮತ್ತು, ನಿಜ ಹೇಳಬೇಕೆಂದರೆ, ಒಂದಷ್ಟು ನಮ್ಮ ತಪ್ಪುಗಳದು.

ನಾವು ಈ ಲೆಕ್ಕಕ್ಕೆ ಕೂತದ್ದು ಕಂಪನಿಯ ಹಣದ ಮೇಲಿನ ಕನಿಕರದಿಂದಲ್ಲ. ನಮ್ಮಲ್ಲಿ ಎಲ್ಲರಿಗಿಂತ ಕಿರಿಯವನಿದ್ದಾನೆ. ಗೆರೆ ಇಳಿಯದಿದ್ದಾಗ ಮ್ಯಾನೇಜರು ತಂಡದ ವೇಗವನ್ನು ತಲೆತಲೆಗೆ ಹಂಚಿದ. ಅಜೈಲ್ ಬಲ್ಲವರು ಇದನ್ನು ಮಾಡಬೇಡಿ ಎಂದೇ ಹೇಳುತ್ತಾರೆ. ವೇಗ ತಂಡದ್ದು, ಒಬ್ಬೊಬ್ಬರದಲ್ಲ. ಆದರೂ ಹಂಚಿದ. 60ರಲ್ಲಿ ಕಿರಿಯನ ಹೆಸರಿಗೆ ಬಂದದ್ದು 4. ಅವನನ್ನು ಕರೆದು 'ಸುಧಾರಣಾ ಯೋಜನೆ'ಗೆ ಹಾಕಿದರು. ಎರಡು ತಿಂಗಳಲ್ಲಿ ಸುಧಾರಿಸಬೇಕು, ಇಲ್ಲವೆಂದರೆ ಮನೆಗೆ. ಅವನ ಸಂಬಳದಲ್ಲಿ ಊರಿನಲ್ಲಿ ತಂಗಿಯ ನರ್ಸಿಂಗ್ ಫೀಜು, ಅಪ್ಪನ ಮಾತ್ರೆ, ಅರ್ಧ ಎದ್ದ ಗೋಡೆ ಇವೆ.

ಅವನಿಗೆ 4 ಯಾಕೆ ಬಂತು? ಹಳೆಯ ವ್ಯವಸ್ಥೆಯಲ್ಲಿ ಏನೇ ಕೆಟ್ಟರೂ ರಾತ್ರಿ ಫೋನು ಹೋಗುತ್ತಿದ್ದದ್ದು ಅವನಿಗೆ. ಹತ್ತು ವರ್ಷ ಹಳೆಯ, ಯಾರೂ ಮುಟ್ಟಲು ಒಲ್ಲದ ಕೋಡು. ದೋಷ ತಿದ್ದುವುದಕ್ಕೆ ಪಾಯಿಂಟಿಲ್ಲ. ಹೊಸ ಕೆಲಸ, ಗಿರಾಕಿಯ ಮುಂದೆ ತೋರಿಸುವ ಕೆಲಸ ಬೇರೆಯವರಿಗೆ. ಇದನ್ನು ಜಾತಿ ನೋಡಿ ಹಂಚಿದರೆ ಎಂದು ನೀವು ಕೇಳಬಹುದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಸೇರಿದ ಮೊದಲ ವಾರ 'ಪೂರ್ತಿ ಹೆಸರೇನು, ಊರಲ್ಲಿ ಮನೆ ಎಲ್ಲಿ ಬರುತ್ತೆ, ಸೀಟು ಹೇಗೆ ಸಿಕ್ತು' ಎಂದು ವಿಚಾರಿಸಿದ್ದರು, ಅಷ್ಟೇ. ಜಾತಿಯೆನ್ನುವುದು ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟಿದ್ದಾರೆ. ಸತ್ತ ದನ ಎತ್ತಲು ನಮ್ಮಪ್ಪಂದಿರನ್ನು ಕರೆಯುತ್ತಿದ್ದರು. ಅದು ಊರಿನ ಲೆಕ್ಕದಲ್ಲಿ ಕೆಲಸವೆಂದು ಎಣಿಕೆಯಾಗುತ್ತಿರಲಿಲ್ಲ.

ಒಂದು ಭಾನುವಾರ ಕೂತು ಹಳೆಯ ಟಿಕೇಟುಗಳನ್ನೆಲ್ಲ ತೆಗೆದೆವು. ಕಿರಿಯ ನಾಲ್ಕು ಸ್ಪ್ರಿಂಟಿನಲ್ಲಿ ತಿದ್ದಿದ ದೋಷ 37. ಒಂದೊಂದನ್ನೂ ಮುಗಿದ ಕತೆಗಳ ಪಕ್ಕದಲ್ಲಿಟ್ಟು ತೂಗಿದರೆ 22 ಪಾಯಿಂಟಿನಷ್ಟು ಕೆಲಸ. ಆಗ ನಮ್ಮೊಳಗೇ ಜಗಳ ಹತ್ತಿತು. 'ಈ 22 ತೋರ್ಸಿ ಅವನ್ನ ಉಳಿಸ್ಕಂಡ್ರೆ, ನಾಳೆಯಿಂದ ಎಲ್ರನ್ನೂ ತಲೆಗಿಷ್ಟು ಅಂತ ಅಳೀಬೌದು ಅಂತ ನಾವೇ ಒಪ್ಕಂಡಂಗೆ' ಎಂದ ಒಬ್ಬ. 'ಹಂಗಂತ ತತ್ವ ಹಿಡ್ಕಂಡು ಹುಡುಗನ್ನ ಕಳಿಸ್ಬಿಡಾನಾ?' ಎಂದ ಇನ್ನೊಬ್ಬ. ಮೂರನೆಯವನದು ಬೇರೆಯೇ ತಕರಾರು: ದೋಷ ತಿದ್ದಿದ್ದನ್ನು ಗಳಿಕೆಗೆ ಸೇರಿಸುವುದು ಸುಳ್ಳು ಲೆಕ್ಕ, ಗಿರಾಕಿಗೆ ಹೊಸದೇನೂ ಸಿಕ್ಕಿಲ್ಲವಲ್ಲ. ಅವನ ಮಾತು ಸರಿ ಎಂದು ನಮಗೆ ಈಗಲೂ ಅನ್ನಿಸುತ್ತದೆ. ಅದು ಗಳಿಕೆಯಲ್ಲ, ಆದರೆ ಖರ್ಚು ಹೌದು. 45 ಲಕ್ಷದಲ್ಲಿ ಅದರ ಪಾಲಿದೆ. ಖರ್ಚಿನ ಕಡೆ ಬರೆದು ಕೆಲಸದ ಕಡೆ ಬರೆಯದಿದ್ದರೆ ಮಾಡಿದವನು ಕಳ್ಳನಾಗುತ್ತಾನೆ.

ಆ ಹೊತ್ತಿಗೆ ಒಬ್ಬನ ಅವ್ವ ಊರಿನಿಂದ ಬಂದಿದ್ದರು. ಅಡುಗೆಮನೆಯಿಂದಲೇ ನಮ್ಮ ಕಿರುಚಾಟ ಕೇಳಿ, 'ಅಳ್ತೆ ಜಗಳಾನಾ?' ಎಂದರು. 2023ರಲ್ಲಿ ಉದ್ಯೋಗ ಖಾತ್ರಿಯಲ್ಲಿ ಬದು ನಿರ್ಮಾಣಕ್ಕೆ ಹೋಗಿದ್ದವರು. ಆಗ ದಿನಕ್ಕೆ 316 ರೂಪಾಯಿ ಕೂಲಿ. ಆದರೆ ಗುಂಪು ಅಗೆದ ಗುಂಡಿ ಅಳತೆಗೆ ಸಾಲದೆ ಬಂದರೆ ಅಷ್ಟೂ ಕೈಗೆ ಬರುತ್ತಿರಲಿಲ್ಲ. 'ನಾವು ಗುಂಡಿ ಮಧ್ಯ ಒಂದು ದಿಣ್ಣೆ ಅಗೀದೆ ಬಿಡ್ತಿದ್ವಿ ಕಣ್ರಪ್ಪಾ. ಎಷ್ಟು ಆಳ ತಗ್ದಿದೀವಿ ಅಂತ ಅದ ನೋಡಿದ್ರೆ ಯಾರ್ಗಾದ್ರೂ ಗೊತ್ತಾಗದು. ಇಂಜಿನೀರು ಬರ್ದಿದ್ದು ತಪ್ಪಾದ್ರೆ ಅದ್ನೇ ತೋರ್ಸದು. ಮಧ್ಯ ಬಂಡೆ ಸಿಕ್ರೆ? ಬಂಡೆನೂ ಬರ್ಕಳಿ ಅಂತಿದ್ವಿ. ಬಂಡೆ ಬರೀದೆ ಮಣ್ ಮಾತ್ರ ಬರುದ್ರೆ ನಮ್ ಹೊಟ್ಟೆಗೆ ಕಲ್ಲೇ.' ಯಾರ ಹೆಸರಿಗೆ ಎಷ್ಟು ಅಂತ ಅಳೆಯುತ್ತಿದ್ದರಾ ಎಂದು ಕೇಳಿದೆವು. 'ಗುಂಪಿನ್ ಗುಂಡಿ, ಗುಂಪಿನ್ ದುಡ್ಡು. ಬಸುರಿ ಹೆಂಗಸೂ ಇರ್ತಾಳೆ, ವಯಸ್ಸಾದೋರೂ ಇರ್ತಾರೆ. ಒಬ್ಬೊಬ್ರದ್ನೂ ಅಳಿಯಾಕಾಯ್ತದಾ?'

ಜಗಳ ಅಲ್ಲಿಗೆ ನಿಂತಿತು. ತಲೆಗಿಷ್ಟು ಎಂಬ ಪಟ್ಟಿ ಬಿಟ್ಟೆವು. ತಂಡದ ಎರಡು ಗೆರೆಯ ಚಾರ್ಟು ಬರೆದು, ಅದರ ಕೆಳಗೆ ಬೇರೆ ಬಣ್ಣದಲ್ಲಿ ದೋಷ ತಿದ್ದುವ ಕೆಲಸದ ಪಟ್ಟೆ ಹಾಕಿದೆವು. ಅದು ಬಂಡೆ. ಕಿರಿಯ ಮಾತ್ರ, 'ಆ ಪಟ್ಟೆ ಪಕ್ಕ ನನ್ ಹೆಸರು ಹಾಕಿ, ಪರವಾಗಿಲ್ಲ' ಎಂದ. ಹಾಕಿದೆವು.

ಬರೆಯುವಾಗ ಇನ್ನೊಂದು ಸುಳ್ಳು ಸಿಕ್ಕಿತು. ಟೈಮ್‌ಶೀಟು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ತುಂಬಿದರೆ ನಮ್ಮ ಕಂಪನಿಯ ಯಂತ್ರ ಕೆಂಪು ತೋರಿಸಿ ವಾಪಸು ಕಳಿಸುತ್ತದೆ. ಹನ್ನೊಂದು ಗಂಟೆ ಗೇದವನೂ ಎಂಟು ಎಂದು ಬರೆಯುತ್ತಾನೆ. ಆ ಮೂರು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ನಮ್ಮ ಹಿರಿಯರ ಭಾಷೆಯಲ್ಲಿ ಅದಕ್ಕೆ ಬಿಟ್ಟಿ ಎನ್ನುತ್ತಾರೆ. ಬಿಟ್ಟಿಯ ಕೇಡು ಅಂದಿಗೇ ಮುಗಿಯುವುದಿಲ್ಲ. ಎಂಟು ಗಂಟೆಯಲ್ಲಿ ಇಷ್ಟಾಯಿತು ಎಂದು ದಾಖಲಾದದ್ದೇ ಮುಂದಿನ ಯೋಜನೆಯ ಅಂದಾಜಿಗೆ ಅಡಿಪಾಯ. ಈ ವರ್ಷದ ಬಿಟ್ಟಿ ಬರುವ ವರ್ಷದ ಕಾಯಂ ದರ. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಕಾಯಿದೆ ತಿದ್ದುವ ಪ್ರಸ್ತಾವ ಬಂದು, ನೌಕರರ ಸಂಘ ಬೆಂಗಳೂರಿನಲ್ಲಿ ಬೀದಿಗಿಳಿಯಿತು. ನಮ್ಮ ತಂಡದ ಕೆಲವರು ನಕ್ಕರು: 'ಈಗಾಗ್ಲೇ ಮಾಡ್ತಿದೀವಲ್ಲ ಗುರು, ಬರ್ಕಳೋಕೆ ಬಿಟ್ರೆ ಸಾಕು.'

ಚಾರ್ಟನ್ನು ಮ್ಯಾನೇಜರಿಗೆ ಕೊಟ್ಟೆವು. ಅವನು ಕೆಟ್ಟ ಮನುಷ್ಯನಲ್ಲ. ಅವನ ಮೇಲೂ ಒಬ್ಬ ಗೆರೆ ನೋಡುವವನಿದ್ದಾನೆ. ತುಂಬ ಹೊತ್ತು ನೋಡಿದ. ಒಳ್ಳೆಯ ಕೆಲಸ ಎಂದ. ಮುಂದಿನ ವಾರ ಎರಡು ಗೆರೆಯ ಚಾರ್ಟು ಗಿರಾಕಿಯ ಮುಂದೆ ಹೋಯಿತು, ಮೇಲಿನ ಗೆರೆಯ ಜಿಗಿತಕ್ಕೆ ಬೆರಳಿಟ್ಟು ತೋರಿಸಿದರು. ಕೂಡಿಸಿದ 50 ಪಾಯಿಂಟಿಗೆ ಗಿರಾಕಿ ಬೇರೆ ಹಣ ಕೊಡಲು ಒಪ್ಪಿದ. ಕಂಪನಿಗೆ ಆದಾಯವಾಯಿತು, ಮ್ಯಾನೇಜರಿಗೆ ಶಭಾಸ್‌ಗಿರಿ ಸಿಕ್ಕಿತು. ಗಿರಾಕಿಗೆ ಹೋದ ಪ್ರತಿಯಲ್ಲಿ ಕೆಳಗಿನ ಬಣ್ಣದ ಪಟ್ಟೆ ಇರಲಿಲ್ಲ. ದೋಷದ ಖರ್ಚನ್ನು ಗಿರಾಕಿಗೆ ತೋರಿಸುವುದು ಚೆನ್ನಾಗಿರುವುದಿಲ್ಲ ಎಂದು ಅಳಿಸಿದ್ದರು. ಅದರ ಜೊತೆಗೆ ಹೆಸರೂ ಅಳಿಸಿತ್ತು.

ಕಿರಿಯನ ಎರಡು ತಿಂಗಳು ಮುಗಿಯಿತು. 'ಗಮನಾರ್ಹ ಸುಧಾರಣೆ' ಎಂದು ಬರೆದು ಕಡತ ಮುಚ್ಚಿದರು. ಆ ಎರಡು ತಿಂಗಳಲ್ಲೂ ಅವನು ಮಾಡಿದ್ದು ಮೊದಲಿನ ಕೆಲಸವನ್ನೇ. ರಾತ್ರಿಯ ಫೋನು ಈಗಲೂ ಅವನಿಗೇ ಬರುತ್ತದೆ, ದೋಷಕ್ಕೆ ಈಗಲೂ ಸೊನ್ನೆಯೇ. ಆದರೆ ಒಂದು ನೋಟುಬುಕ್ಕು ಕೊಂಡಿದ್ದಾನೆ, ಇಪ್ಪತ್ತು ರೂಪಾಯಿಯದು. ಫೋನು ಬಂದ ಹೊತ್ತು, ಎದ್ದ ಹೊತ್ತು, ಕೆಟ್ಟದ್ದೇನು, ತಿದ್ದಿದ್ದೇನು ಎಂದು ಪೆನ್ನಿನಲ್ಲಿ ಬರೆಯುತ್ತಾನೆ. ತಾತನ ವಿಷಯ ಹೇಳಿದವನೂ ಈಚೆಗೆ ಒಂದು ತಂದಿದ್ದಾನೆ. ಕಿರಿಯನ ನೋಟುಬುಕ್ಕಿನಲ್ಲಿ ಕಳೆದ ವಾರದ ಪುಟಕ್ಕೆ 19 ಗಂಟೆ ಇದೆ.